ಒಣ ಹೆಬ್ಬೆರಳು

ಆ ಲಾಂಡ್ರಿಯಲ್ಲಿ ಇದ್ದದ್ದು ಒಂದೇ ಕಾನೂನು: ಬಟ್ಟೆಯನ್ನು ಒಣಗಿದ ಕೈಯಿಂದ ಮುಟ್ಟಬೇಕು. ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಉಜ್ಜಿದರೆ ಅದು ಹತ್ತಿಯೋ, ರೇಷ್ಮೆಯೋ, ರೇಷ್ಮೆಯ ವೇಷ ಹಾಕಿಕೊಂಡು ಬಂದ ನೈಲಾನೋ ತಿಳಿಯಬೇಕು. ತಿಳಿದ ಮೇಲೆಯೇ ಇಸ್ತ್ರಿ ಪೆಟ್ಟಿಗೆಯ ಕಾವು ತಿರುಗಿಸಬೇಕು. ಕತ್ತಿನ ಹಿಂದೆ ಹೊಲಿದಿರುವ ಚೀಟಿಯನ್ನು ನಂಬುವ ಹಾಗಿಲ್ಲ. "ಚೀಟಿ ಹೊಲಿದವನು ಬಟ್ಟೆ ನೇಯ್ದವನಲ್ಲ" ಎನ್ನುವುದು ಅಂಗಡಿಯ ಒಡತಿ ಅಕ್ಕನ ಮಾತು. ತಂಗಿಗೆ ಈ ವಿದ್ಯೆ ಬಂದದ್ದು ಅವಳಿಂದಲೇ. ತಾಯಿ ತೀರಿಕೊಂಡ ಮೇಲೆ ತಂಗಿಯ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ, ಕಿವಿ ಹಿಂಡಿದವಳು ಅಕ್ಕ, ಗಂಡು ಹುಡುಕಿ ಮದುವೆ ಮಾಡಿದವಳು ಅಕ್ಕ, ಸಿಡುಕಿನ ಆ ಪುಟ್ಟ ಹುಡುಗಿಗೆ 'ಕಿಡಿ' ಎಂದು ಅಡ್ಡಹೆಸರು ಇಟ್ಟವಳೂ ಅಕ್ಕನೇ. ಹುಡುಗಿಗೆ ಐವತ್ತು ದಾಟಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಈಗಂತೂ ಅದು ಸ್ವಭಾವಕ್ಕಷ್ಟೇ ಅಲ್ಲ, ಮೈಗೂ ಒಪ್ಪುವ ಹಾಗಾಗಿತ್ತು.

ಮುಟ್ಟು ನಿಲ್ಲುವ ಕಾಲ ಎಲ್ಲ ಹೆಂಗಸರಿಗೂ ಬರುತ್ತದೆ. ಕೆಲವರ ಮೈಯಿಂದ ಅದು ಮರ್ಯಾದಸ್ಥ ಬಾಡಿಗೆದಾರನ ಹಾಗೆ ಸದ್ದಿಲ್ಲದೆ ಮನೆ ಖಾಲಿ ಮಾಡಿ ಹೋಗುತ್ತದಂತೆ. ಕಿಡಿಯ ವಿಷಯದಲ್ಲಿ ಅದು ಬಾಗಿಲು ಕಿಟಕಿ ಒಡೆದುಕೊಂಡು ಹೊರಟಿತ್ತು. ಎದೆಯೊಳಗೆಲ್ಲೋ ಹೊತ್ತಿಕೊಂಡ ಕಾವು ಕತ್ತಿಗೇರಿ, ಕೆನ್ನೆಗೇರಿ, ಕಿವಿಯ ತುದಿಯಲ್ಲಿ ನಿಂತು ಉರಿಯುತ್ತಿತ್ತು. ಅದರ ಹಿಂದೆಯೇ ಬೆವರು, ಬೆವರಿನ ಹಿಂದೆ ನಡುಕ. ನಿದ್ದೆ ಬಂದರೂ ಮುಖ ತೋರಿಸಿ ಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಕೀಲುಗಳೆಲ್ಲ ಬಿಗಿ, ತಲೆಯೊಳಗೆ ಮಂಜು. ಇಂಥ ಹೆಂಗಸು ದಿನವಿಡೀ ನಿಲ್ಲಬೇಕಾದದ್ದು ಎಲ್ಲಿ? ಹಬೆ ತುಂಬಿದ ಹಿಂದಿನ ಕೋಣೆಯಲ್ಲಿ, ಕಾದ ಕಬ್ಬಿಣ ಹಿಡಿದುಕೊಂಡು. ಹೊರಗಿನಿಂದ ಅವಳು ಬಟ್ಟೆಗೆ ಇಸ್ತ್ರಿ ಹಾಕಿದರೆ ಒಳಗಿನಿಂದ ಅವಳಿಗೆ ಯಾರೋ ಇಸ್ತ್ರಿ ಹಾಕುತ್ತಿದ್ದರು. ಒಂದು ವರ್ಷದಿಂದ ಅವಳ ಹೆಬ್ಬೆರಳು ಸರಿಯಾಗಿ ಒಣಗಿರಲಿಲ್ಲ.

ಆಗಬಾರದ್ದು ಆದದ್ದೂ ಅದರಿಂದಲೇ. ಎದುರು ಬೀದಿಯ ಡ್ಯಾನ್ಸ್ ಟೀಚರ ಬೂದು ಬಣ್ಣದ ಉದ್ದ ಲಂಗ ಮೇಜಿಗೆ ಬಂತು. ಸಂಜೆಯೇ ಕಾರ್ಯಕ್ರಮ. ಕಿಡಿ ಅಂಚು ಹಿಡಿದು ಉಜ್ಜಿದಳು. ಒದ್ದೆ ಬೆರಳಿಗೆ ಬಟ್ಟೆ ಮೆತ್ತಗೆ ಅಂಟಿಕೊಂಡಿತು, ರೇಷ್ಮೆ ಅಂಟಿಕೊಳ್ಳುವ ಹಾಗೆಯೇ. ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಬೇಕಿತ್ತು; ಅಷ್ಟರಲ್ಲಿ ಕಾವು ಕೆನ್ನೆಗೇರಿತ್ತು, ಬೇಗ ಮುಗಿಸಿ ಕಿಟಕಿಯ ಬಳಿ ನಿಂತರೆ ಸಾಕು ಅನ್ನಿಸಿತ್ತು. ಪೆಟ್ಟಿಗೆ ಇಟ್ಟಳು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಮೂಗಿಗೆ ಬಡಿಯಿತು. ಎತ್ತಿದರೆ ಲಂಗದ ಮುಂಭಾಗ ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡು ಬಂತು. ಉಳಿದದ್ದು ಇಸ್ತ್ರಿ ಪೆಟ್ಟಿಗೆಯ ಆಕಾರದ ಒಂದು ತೂತು.

ಅಕ್ಕ ಬಂದಳು. ಮೊದಲು ಗೋಡೆಯಿಂದ ಪ್ಲಗ್ ಕಿತ್ತಳು.

"ನಾಳೆಯಿಂದ ನೀನು ಮುಂದೆ ಕೌಂಟರಲ್ಲಿ ಕೂತ್ಕೊ. ಬಟ್ಟೆ ಎಣಿಸು, ಚೀಟಿ ಕೊಡು. ಇಸ್ತ್ರಿ ಮುಟ್ಬೇಡ."

"ಒಂದು ಸಲ ಆಗಿದ್ದಕ್ಕೆ ಇಷ್ಟಾ ಅಕ್ಕಾ?"

"ಒಂದು ಸಲಾನಾ? ವಕೀಲರ ಕರಿಕೋಟಿಗೆ ಏನು ಮಾಡಿದ್ದೆ?"

"ಅದು ಸ್ವಲ್ಪ ಹೊಳಪು ಬಂತು, ಅಷ್ಟೇ."

"ಸ್ವಲ್ಪ ಹೊಳಪು! ನ್ಯಾಯಾಧೀಶರು ಕಣ್ಣು ಮುಚ್ಕೊಂಡು ತೀರ್ಪು ಹೇಳ್ಬೇಕಾಯ್ತಂತೆ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ. ಡ್ಯಾನ್ಸ್ ಟೀಚರು ಬಂದು ತೂತಿನೊಳಗೆ ಕೈ ತೂರಿಸಿ ನೋಡಿ, "ಹೋಗ್ಲಿ ಬಿಡಿ, ಹಳೇದು" ಎಂದದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಕಿಡಿಗೆ ಕನಿಕರ ಎಂದರೆ ಮೊದಲಿನಿಂದಲೂ ಆಗದು.

ಕೌಂಟರು ಎಂದರೆ ಬೀದಿಗೆ ಮುಖ ಮಾಡಿದ ಒಂದು ಹಲಗೆ, ಎತ್ತರದ ಒಂದು ಕುರ್ಚಿ. ಅಲ್ಲಿ ಕುಳಿತವಳಿಗೆ ಕೆಲಸ ಕಡಿಮೆ, ಪುಕ್ಕಟೆ ಸಲಹೆ ಜಾಸ್ತಿ. ಬೀಸಣಿಗೆ ಹಿಡಿದು ಕುಳಿತ ಅವಳನ್ನು ನೋಡಿದ್ದೇ ಬಂದವರೆಲ್ಲ ವೈದ್ಯರಾಗಿಬಿಟ್ಟರು. ತಣ್ಣೀರಲ್ಲಿ ಕಾಲಿಡಿ ಎಂದರು, ಕಾಫಿ ಬಿಡಿ ಎಂದರು, ನಡೆಯಿರಿ ಎಂದರು, ನಡೆಯಬೇಡಿ ಎಂದರು. ಅಂಚೆಯವನು ತನ್ನ ಅತ್ತೆಗೆ ಹೀಗೇ ಆಗಿ ತಾನಾಗಿಯೇ ಹೋಯಿತು ಎಂದ. "ಏನು, ಅತ್ತೆನಾ?" ಎಂದು ಕೇಳಿದಳು ಕಿಡಿ. ಅವನು ಕಾಗದಗಳನ್ನು ಇಟ್ಟು ಹೊರಟುಹೋದ. ಒಬ್ಬಾಕೆಯಂತೂ, "ವಯಸ್ಸಾಯ್ತಲ್ಲ, ಸಹಿಸ್ಕೋಬೇಕು. ಹೆಣ್ಣು ಜನ್ಮ" ಎಂದು ನಿಟ್ಟುಸಿರು ಬಿಟ್ಟಳು. ಕಿಡಿ ಅವಳ ಬಟ್ಟೆಯನ್ನು ಎರಡು ಸಲ ಎಣಿಸಿ, ತಿಂಗಳ ಕೊನೆಗೆ ಬನ್ನಿ ಎಂದು ಚೀಟಿ ಕೊಟ್ಟಳು.

ಮನೆಯಲ್ಲಿ ಗಂಡ. ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯವನು. ಆದರೆ ಯಾವ ಮಾತಿಗೂ ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ನಿಂತುಬಿಡುತ್ತಿದ್ದ. ಊಟದ ಮೇಜಿನಲ್ಲಿ ಫೋನು ಹಿಡಿದು ಓದಿದ. "ಇಲ್ಲಿ ನೋಡು, ಇದಕ್ಕೆ ಅಂತ ಹಾರ್ಮೋನು ತಗೊಂಡ್ರೆ ಎದೆ ಕ್ಯಾನ್ಸರ್ ಬರುತ್ತಂತೆ. ಇನ್ನೊಂದ್ರಲ್ಲಿ ನೋಡು, ತಗೊಳ್ದೇ ಇದ್ರೆ ಮೂಳೆ ಸವೆಯುತ್ತಂತೆ."

"ನೀವೇನು ಹೇಳ್ತೀರಿ?"

"ನಿನಗೆ ಹೇಗೆ ಬೇಕೋ ಹಾಗೆ."

"ರೀ, ಆ ಫೋನು ಕೆಳಗಿಡಿ. ಇಲ್ಲಾಂದ್ರೆ ಅದಕ್ಕೂ ಇಸ್ತ್ರಿ ಹಾಕ್ತೀನಿ."

ಲಾಂಡ್ರಿಯಲ್ಲಿ ಮಾತ್ರ ಹಾರ್ಮೋನು ಎಂಬ ಮಾತನ್ನೇ ಆಡುವಂತಿರಲಿಲ್ಲ. ಅದಕ್ಕೆ ಕಾರಣ ಅಕ್ಕನ ಎಡ ಎದೆ. ಅಕ್ಕನಿಗೂ ಹೀಗೇ ಮುಟ್ಟು ನಿಂತಾಗ ಯಾರೋ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಆರೇಳು ವರ್ಷ ನುಂಗಿದಳು. ಆಮೇಲೆ ಗಂಟು, ಆಪರೇಷನ್, ಉದುರಿದ ಕೂದಲು. ಎಡ ಎದೆ ಹೋಯಿತು, ಅಕ್ಕ ಉಳಿದಳು. ಅದರ ಬಗ್ಗೆ ಅವಳು ಆಡಿದ್ದು ಒಂದೇ ವಾಕ್ಯ: "ಆ ಮಾತ್ರೆ ನನ್ನ ತಿಂತು." ಅದರಾಚೆಗೆ ಯಾರಾದರೂ ಕೇಳಿದರೆ ಇಸ್ತ್ರಿ ಪೆಟ್ಟಿಗೆಯ ಹಬೆ ಬುಸ್ಸೆಂದು ಬಿಡುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಕಿಡಿಗೂ ಭಯವಿತ್ತು. ಇಲ್ಲವೆಂದರೆ ಸುಳ್ಳು. ಅಕ್ಕನ ಬ್ಯಾಂಡೇಜು ಬಿಚ್ಚಿ ಕಟ್ಟಿದವಳು ಅವಳೇ. ಆದರೆ ಕೌಂಟರಿನ ಕುರ್ಚಿಯಲ್ಲಿ ಕುಳಿತು ಹಿಂದಿನ ಕೋಣೆಯಿಂದ ಬರುವ ಹಬೆಯ ಸದ್ದು ಕೇಳುತ್ತಿದ್ದರೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಈಗ ಇಬ್ಬರ ಕೆಲಸವನ್ನೂ ಅಕ್ಕ ಒಬ್ಬಳೇ ಮಾಡುತ್ತಿದ್ದಳು, ಆಪರೇಷನ್ನಾದ ಕಡೆಯ ತೋಳು ಬಾತುಕೊಂಡರೂ ಬಿಡದೆ. ಬದುಕಿನಲ್ಲಿ ತಾನು ಚೆನ್ನಾಗಿ ಮಾಡಬಲ್ಲ ಒಂದು ಕೆಲಸವನ್ನು ಹೀಗೆ ಕಿತ್ತುಕೊಂಡು, 'ಸಹಿಸ್ಕೊ' ಎಂದರೆ ಸಹಿಸಿಕೊಳ್ಳುವ ಜಾತಿಯಲ್ಲ ಅವಳು. ಒಂದು ಬೆಳಿಗ್ಗೆ ಹಲಗೆಯ ಮೇಲೆ 'ಈಗ ಬರುತ್ತೇನೆ' ಎಂಬ ಫಲಕ ನಿಲ್ಲಿಸಿ ಆಸ್ಪತ್ರೆಗೆ ನಡೆದಳು.

ಡಾಕ್ಟರಮ್ಮ ಕಿಡಿಯಷ್ಟೇ ವಯಸ್ಸಿನವರು, ಮೇಜಿನ ಮೇಲೆ ಸಣ್ಣ ಫ್ಯಾನು ತಮ್ಮ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದರು. ಕಿಡಿಯನ್ನು ನೋಡಿ ಅದನ್ನು ಅರ್ಧ ಅವಳ ಕಡೆ ತಿರುಗಿಸಿದರು. ಅಷ್ಟಕ್ಕೇ ಕಿಡಿಗೆ ಅವರ ಮೇಲೆ ಅರ್ಧ ನಂಬಿಕೆ ಬಂತು. ಎಲ್ಲ ಹೇಳಿದಳು. ಹಾರ್ಮೋನಲ್ಲದ ಒಂದು ಮಾತ್ರೆಯನ್ನು ಹೋದ ವರ್ಷ ಬೇರೆ ಕಡೆ ಕೊಟ್ಟಿದ್ದನ್ನೂ, ಅದನ್ನು ನುಂಗಿ ಬಟ್ಟೆಯ ಗಂಟಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದದ್ದನ್ನೂ ಹೇಳಿದಳು.

"ಹಾರ್ಮೋನು ತಗೊಂಡ್ರೆ ಕ್ಯಾನ್ಸರ್ ಬರುತ್ತಾ? ಹೌದು, ಇಲ್ಲ, ಒಂದು ಹೇಳಿ ಮೇಡಂ."

"ಬರೋ ಸಾಧ್ಯತೆ ಸ್ವಲ್ಪ ಹೆಚ್ಚಾಗುತ್ತೆ ಅನ್ನೋದು ಸುಳ್ಳಲ್ಲ. ಎಷ್ಟು ಹೆಚ್ಚು ಅನ್ನೋದು ಎಷ್ಟು ವರ್ಷ ತಗೊಂಡ್ರಿ, ಯಾವುದು ತಗೊಂಡ್ರಿ, ನಿಮ್ಮ ಮೈ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ. ಮಾತ್ರೆ ನುಂಗಿದ್ರೆ ರಕ್ತ ಹೆಪ್ಪುಗಟ್ಟೋ ಭಯ ಇದೆ. ಚರ್ಮಕ್ಕೆ ಅಂಟಿಸೋ ಪಟ್ಟಿಯಲ್ಲಿ ಆ ಭಯ ಕಡಿಮೆ. ಗರ್ಭಕೋಶ ತೆಗೆದಿಲ್ಲ ಅಲ್ವಾ? ಹಾಗಾದ್ರೆ ಪಟ್ಟಿ ಒಂದೇ ಸಾಲದು, ಜೊತೆಗೆ ಇನ್ನೊಂದು ಹಾರ್ಮೋನು ಬೇಕು, ಇಲ್ಲಾಂದ್ರೆ ಗರ್ಭಕೋಶದ ಒಳಪದರ ಕೆಡುತ್ತೆ. ಆ ಎರಡನೇದ್ರಲ್ಲಿ ಸಿಂಥೆಟಿಕ್ ಇವೆ, ನಮ್ಮ ಮೈಯಲ್ಲಿರೋದನ್ನೇ ಹೋಲೋದೂ ಇದೆ."

ಸಿಂಥೆಟಿಕ್ ಎಂಬ ಮಾತಿಗೆ ಕಿಡಿಯ ಕಿವಿ ನಿಮಿರಿತು. ಕರಗಿದ ಲಂಗದ ನಾತ ಮತ್ತೆ ಮೂಗಿಗೆ ಬಂದ ಹಾಗಾಯಿತು.

"ಅಂದ್ರೆ ಸಿಂಥೆಟಿಕ್ ಕೆಟ್ಟದ್ದು, ಇನ್ನೊಂದು ಒಳ್ಳೇದು ಅನ್ನಿ."

"ಅಷ್ಟು ಸಲೀಸಾಗಿದ್ರೆ ಬಾಗಿಲಿಗೆ ಬೋರ್ಡ್ ಬರೆಸಿ ಹಾಕ್ಬಿಡ್ತಿದ್ದೆ. ಒಂದ್ರಲ್ಲಿ ಎದೆಗೆ ಅಪಾಯ ಕಡಿಮೆ ಇರಬಹುದು ಅನ್ನೋದು ಇವತ್ತಿನ ತಿಳುವಳಿಕೆ. ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ."

"ತಗೊಳ್ಳಿ ಅಂತೀರಾ, ಬೇಡ ಅಂತೀರಾ?"

"ಈಗ ಎರಡೂ ಹೇಳಲ್ಲ. ನಿಮ್ಮ ಅಕ್ಕನಿಗೆ ಬಂದಿದ್ದು ಯಾವ ಥರದ ಗಂಟು? ಯಾವ ಮಾತ್ರೆ ತಗೊಂಡಿದ್ರು? ಮನೇಲಿ ಬೇರೆ ಯಾರಿಗಾದ್ರೂ ಇತ್ತಾ? ಅದು ಗೊತ್ತಾಗ್ದೆ ನಾನು ಪೆನ್ನು ಎತ್ತಲ್ಲ."

ಕಿಡಿಗೆ ಒಂದೂ ಗೊತ್ತಿರಲಿಲ್ಲ. ಅಕ್ಕನ ಒಳ ಉಡುಪಿನ ಅಳತೆಯಿಂದ ಹಿಡಿದು ಅಕ್ಕ ಯಾವ ಹಲ್ಲಿನಲ್ಲಿ ಅಗಿಯುತ್ತಾಳೆ ಎನ್ನುವವರೆಗೆ ಗೊತ್ತಿದ್ದ ಅವಳಿಗೆ ಇದು ಗೊತ್ತಿರಲಿಲ್ಲ. ಬಾಯಿ ಬಿಟ್ಟು ಕೇಳಿದರೆ ಏನಾಗುತ್ತದೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆದದ್ದೂ ಹಾಗೆಯೇ. ಅಕ್ಕ ಒಂದು ಬಿಳಿ ಅಂಗಿಯ ಕಾಲರು ತೀಡುತ್ತಿದ್ದಳು. ಕಿಡಿ ಕೇಳಿ ಮುಗಿಸುವ ಮೊದಲೇ ಹಬೆ ಬುಸ್ಸೆಂದಿತು.

"ನಾನು ಬದುಕಿರೋ ತನಕ ಆ ವಿಷ ನಿನ್ನ ಮೈ ಸೇರಲ್ಲ. ತಿಳೀತಾ?"

"ಸೇರುತ್ತೋ ಬಿಡುತ್ತೋ ಆಮೇಲೆ. ನಿನಗೆ ಏನಾಗಿತ್ತು ಅಂತ ಹೇಳು. ಡಾಕ್ಟರಿಗೆ ಬೇಕಂತೆ."

"ಡಾಕ್ಟರು! ನನಗೆ ಬರೆದುಕೊಟ್ಟವನೂ ಡಾಕ್ಟರೇ."

"ಹಾಗಾದ್ರೆ ಬಂದು ಈಯಮ್ಮನಿಗೆ ಬೈದು ಹೋಗು. ಇಷ್ಟು ವರ್ಷ ಗೋಡೆಗೆ, ಗಿರಾಕಿಗೆ, ನನಗೆ ಬೈದಿದೀಯ. ಒಂದು ಸಲ ಸರಿಯಾದ ಜಾಗಕ್ಕೆ ಹೋಗಿ ಬೈ."

ಅಕ್ಕನನ್ನು ಬೇಡಿಕೊಂಡು ಎಲ್ಲಿಗೂ ಕರೆದೊಯ್ಯಲಾಗದು, ಜಗಳಕ್ಕೆ ಕರೆದರೆ ಮಾತ್ರ ಎಲ್ಲಿಗೂ ಬರುತ್ತಾಳೆ. ಮರುದಿನ ಕೂದಲು ಬಿಗಿದು ಕಟ್ಟಿ, ತಾನೇ ಇಸ್ತ್ರಿ ಮಾಡಿದ ನೆರಿಗೆ ಮುರಿಯದ ಬಟ್ಟೆಯುಟ್ಟು, ಹಳೆಯ ರಿಪೋರ್ಟುಗಳ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಯುದ್ಧಕ್ಕೆ ಹೊರಟಳು. ಡಾಕ್ಟರಮ್ಮನ ಮುಂದೆ ಕುಳಿತು, ಅವರು ಬಾಯಿ ತೆರೆಯುವ ಮೊದಲೇ ಕೇಳಿದಳು.

"ಆ ಮಾತ್ರೆಯಿಂದಲೇ ತಾನೇ ನನಗೆ ಬಂದಿದ್ದು? ನನ್ನ ತಂಗಿ ಮುಂದೆ ಹೇಳಿ."

ಡಾಕ್ಟರಮ್ಮ ಅವಳ ಹಳೆಯ ರಿಪೋರ್ಟುಗಳನ್ನು ನಿಧಾನವಾಗಿ ನೋಡಿದರು. "ಹಾರ್ಮೋನಿಗೆ ಬೆಳೆಯೋ ಥರದ ಗಂಟು. ನೀವು ತಗೊಂಡಿದ್ದು ಸಿಂಥೆಟಿಕ್ ಸೇರಿದ ಮಾತ್ರೆ, ಅದೂ ಬಹಳ ವರ್ಷ. ಮಾತ್ರೆ ಅದಕ್ಕೆ ಕೈ ಸೇರಿಸಿರಬಹುದು. ಮಾತ್ರೆ ಇಲ್ಲದೆಯೂ ಬಂದಿರಬಹುದು. ಯಾವುದು ಅಂತ ಯಾರೂ ಹೇಳೋಕಾಗಲ್ಲ. ನಾನು ಹೇಳಿದ್ರೆ ಸುಳ್ಳಾಗುತ್ತೆ."

ಅಕ್ಕ ಇದಕ್ಕೆ ಸಿದ್ಧಳಾಗಿ ಬಂದಿರಲಿಲ್ಲ. ಅಲ್ಲ ಎಂದಿದ್ದರೆ ಜಗಳವಾಡುತ್ತಿದ್ದಳು, ಹೌದು ಎಂದಿದ್ದರೆ ಗೆದ್ದು ಮನೆಗೆ ಹೋಗುತ್ತಿದ್ದಳು.

"ಗಂಟು ಹೇಗೆ ಗೊತ್ತಾಯ್ತು?" ಎಂದು ಡಾಕ್ಟರಮ್ಮ ಕೇಳಿದರು.

"ನಾನೇ ಹಿಡಿದೆ. ಸ್ನಾನ ಆಗಿ ಮೈ ಒರೆಸ್ಕೊಂಡಿದ್ದೆ, ಕೈ ಒಣಗಿತ್ತು. ಬಟ್ಟೆ ಮಡಿಕೇಲಿ ದಾರದ ಗಂಟು ಸಿಗುತ್ತಲ್ಲ, ಹಾಗೆ ಸಿಕ್ತು." ಅಕ್ಕ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಅವತ್ತಿಂದ ಒಂದೇ ಯೋಚನೆ. ನನಗೆ ಯಾಕೆ ಯಾರೂ ಒಂದು ಮಾತು ಹೇಳಲಿಲ್ಲ? ಮಾತ್ರೆ ಕೊಟ್ಟವನು 'ತಗೊಳ್ಳಿ ತಾಯಿ, ಹಾಯಾಗಿರ್ತೀರಿ' ಅಂದ. ಹೀಗೂ ಆಗಬಹುದು ಅಂತ ಹೇಳಿದ್ರೆ ಅವನ ಗಂಟು ಏನು ಹೋಗ್ತಿತ್ತು? ನಾನು ತಗೊಳ್ತಿದ್ನೋ ಬಿಡ್ತಿದ್ನೋ, ಅದು ನನ್ನ ಮಾತಾಗಿರ್ತಿತ್ತಲ್ಲ."

ಕಿಡಿ ಅಕ್ಕನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕೋಪವೆಲ್ಲ ಮಾತ್ರೆಯ ಮೇಲೆ ಎಂದುಕೊಂಡಿದ್ದಳು. ಕೋಪ ಇದ್ದದ್ದು ಏನೂ ತಿಳಿಸದೆ, ಕೇಳದೆ ಕೊಟ್ಟವನ ಮೇಲೆ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಕಾವೂ ಬಂತು. ಡಾಕ್ಟರಮ್ಮ ಫ್ಯಾನನ್ನು ಪೂರ್ತಿ ಅವಳ ಕಡೆ ತಿರುಗಿಸಿದರು.

ಅಕ್ಕನ ರಕ್ತ ತೆಗೆದುಕೊಂಡರು, ವಂಶದಲ್ಲಿ ಹರಿದು ಬರುವ ದೋಷವೇನಾದರೂ ಇದೆಯೇ ಎಂದು ನೋಡುವುದಕ್ಕೆ. ಕಿಡಿಗೆ ಮ್ಯಾಮೊಗ್ರಾಂ ಎಂಬ ಎದೆಯ ಚಿತ್ರ, ರಕ್ತದೊತ್ತಡ, ಮೂಳೆಯ ಪರೀಕ್ಷೆ ಎಂದು ಬರೆದರು. ಇಬ್ಬರೂ ಹೊರಗೆ ಬಂದರು. ಬೀದಿಯಲ್ಲಿ ನೀರಿನ ಪೈಪಿಗಾಗಿ ಅಗೆದಿದ್ದರು, ಒಬ್ಬರ ಹಿಂದೊಬ್ಬರು ಹಲಗೆಯ ಮೇಲೆ ದಾಟಬೇಕಿತ್ತು. ಹಲಗೆ ದಾಟಿ ಅಕ್ಕ ತಿರುಗಿ ನಿಂತಳು.

"ಕೇಳಿಸ್ತಲ್ಲ? ಕೈ ಸೇರಿಸಿರಬಹುದು ಅಂದ್ಲು. ಸಾಕಲ್ವಾ? ಇನ್ನು ಈ ಸುದ್ದಿ ಬೇಡ."

"ಬೇಕು" ಎಂದಳು ಕಿಡಿ, ಹಲಗೆಯ ನಡುವೆಯೇ ನಿಂತು.

"ನಿನಗೆ ತಲೆ ಕೆಟ್ಟಿದ್ಯಾ? ನನ್ನ ಎದೆ ನೋಡು! ನೋಡಿ ಹೇಳು ಬೇಕು ಅಂತ!"

"ನೋಡಿದೀನಿ ಅಕ್ಕಾ. ತೊಳೆದಿದೀನಿ, ಕಟ್ಟಿದೀನಿ. ನೋಡಿಯೇ ಹೇಳ್ತಿದೀನಿ. ನಿನ್ನ ಕೇಳ್ದೆ ಕೊಟ್ರು. ಅದು ಅನ್ಯಾಯ. ನೀನೀಗ ನನ್ನ ಕೇಳ್ದೆ ಕಿತ್ಕೊಳ್ತಿದೀಯ. ಅದೇನು ನ್ಯಾಯನಾ? ಅವನು ನಿನಗೆ ಮಾಡಿದ್ದನ್ನೇ ನೀನು ನನಗೆ ಮಾಡ್ತಿದೀಯ, ಉಲ್ಟಾ ತಿರುಗಿಸಿ."

"ನಾನು ನಿನ್ನ ಉಳಿಸೋಕೆ ನೋಡ್ತಿದೀನಿ ಕಣೇ!"

"ಉಳಿಸಿ ಎಲ್ಲಿಡ್ತೀಯಾ? ಕೌಂಟರ್ ಮೇಲಾ? ನಿನಗೊಂದು ಮಾತು ಕೇಳ್ತೀನಿ. ಆ ಮಾತ್ರೆ ತಗೊಂಡ ವರ್ಷಗಳಲ್ಲೇ ತಾನೇ ನೀನು ಅಂಗಡಿ ಹಾಕಿದ್ದು? ಬೆಳಿಗ್ಗೆ ಹಾಡ್ತಾ ಶಟರ್ ಎತ್ತುತ್ತಾ ಇದ್ದೆ. ನನಗೆ ನೆನಪಿದೆ."

ಹಲಗೆಯ ಆ ಕಡೆ ದಾಟಲು ನಿಂತಿದ್ದ ಒಬ್ಬ ಮುದುಕ, "ಅಮ್ಮಾ, ಜಗಳ ಈ ಕಡೆ ಬಂದು ಆಡಿ, ನಾನು ಹೋಗ್ಬೇಕು" ಎಂದ. "ತಡ್ಕೊಳ್ರೀ!" ಎಂದರು ಅಕ್ಕತಂಗಿ ಇಬ್ಬರೂ ಒಟ್ಟಿಗೆ.

"ಹಾಡ್ತಿದ್ದೆ" ಎಂದಳು ಅಕ್ಕ ಕೊನೆಗೆ, ತೀರಾ ಮೆಲ್ಲಗೆ. ಆಮೇಲೆ ಬಿರಬಿರನೆ ಮುಂದೆ ನಡೆದಳು. ಅದಾದ ಮೇಲೆ ವಾರಗಟ್ಟಲೆ ಬಟ್ಟೆಗೆ ಸಂಬಂಧಪಟ್ಟದ್ದು ಬಿಟ್ಟು ಇನ್ನೇನೂ ಆಡಲಿಲ್ಲ. ಅಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕಿಡಿಗೆ ಗೊತ್ತಿತ್ತು. ಆದರೆ ಆ ಮೊಲ ತನ್ನದು, ಅದರ ಕಾಲು ತಾನೇ ಎಣಿಸಬೇಕು ಎಂದು ಅವಳು ನಿಶ್ಚಯಿಸಿಯಾಗಿತ್ತು.

ವರದಿಗಳು ಬಂದವು. ಅಕ್ಕನ ರಕ್ತದಲ್ಲಿ ವಂಶದ ದೋಷವೇನೂ ಸಿಗಲಿಲ್ಲ. ಕಿಡಿಯ ಎದೆ ಸದ್ಯಕ್ಕೆ ಚೊಕ್ಕಟ, ರಕ್ತದೊತ್ತಡ ಪರವಾಗಿಲ್ಲ, ಮೂಳೆ ಮಾತ್ರ ತೆಳುವಾಗತೊಡಗಿತ್ತು. ಡಾಕ್ಟರಮ್ಮ ಯಾವುದನ್ನೂ ಬೆಲ್ಲ ಹಚ್ಚಿ ಹೇಳಲಿಲ್ಲ. "ಒಡಹುಟ್ಟಿದವರಿಗೆ ಬಂದಿರೋದ್ರಿಂದ ನಿಮ್ಮ ಅಪಾಯದ ಲೆಕ್ಕ ಬೇರೆಯವರಿಗಿಂತ ಸ್ವಲ್ಪ ಮೇಲಿಂದಲೇ ಶುರುವಾಗುತ್ತೆ. ಅದರ ಮೇಲೆ ಇದು ಇನ್ನಷ್ಟು ಸೇರಿಸುತ್ತೆ. ಬೇಡ ಅಂದ್ರೂ ನಾನು ಒಪ್ತೀನಿ. ಬೇಕು ಅಂದ್ರೆ ಅತಿ ಕಡಿಮೆ ಡೋಸಿನ ಪಟ್ಟಿ, ಮೈಗೆ ಹತ್ತಿರದ ಆ ಎರಡನೇ ಹಾರ್ಮೋನು, ಪ್ರತಿ ವರ್ಷ ಚಿತ್ರ, ಪ್ರತಿ ವರ್ಷ ಮತ್ತೆ ಇದೇ ಮಾತುಕತೆ. ಏನೇ ಅನುಮಾನ ಬಂದ್ರೂ ಅವತ್ತೇ ನಿಲ್ಲಿಸೋದು."

"ಯೋಚನೆ ಮಾಡಿ ಬರ್ತೀನಿ" ಎಂದಳು ಕಿಡಿ. ಎಲ್ಲದಕ್ಕೂ ಥಟ್ಟನೆ ಉತ್ತರ ಕೊಡುವವಳು ಇದೊಂದಕ್ಕೆ ಕೊಡಲಿಲ್ಲ. ಗಂಟು ಬಂದರೆ ಏನು ಎಂದು ಯೋಚಿಸಿದಳು, ಕೈಕಾಲು ತಣ್ಣಗಾಯಿತು. ಬಾರದಿದ್ದರೆ, ಹೀಗೇ ಬೀಸಣಿಗೆ ಹಿಡಿದು ಹತ್ತು ವರ್ಷ ಕುಳಿತರೆ ಏನು ಎಂದು ಯೋಚಿಸಿದಳು, ಆಗಲೂ ತಣ್ಣಗಾಯಿತು. ಬೀದಿ ದಾಟಿದರೂ ಅಪಾಯ, ದಾಟದೆ ಕುಳಿತರೂ ಅಪಾಯ. ದಾಟುವವಳು ಎರಡೂ ಕಡೆ ನೋಡಿ ದಾಟಬೇಕು, ಅಷ್ಟೇ. ಒಂದು ಮಧ್ಯಾಹ್ನ ಹೆಣ್ಣು ಜನ್ಮದ ಆ ಮಹಾತಾಯಿ ತನ್ನ ಬಟ್ಟೆಗೆ ಬಂದು, "ಇನ್ನೂ ಬೀಸ್ಕೊಳ್ತಾ ಇದೀರಾ ಪಾಪ" ಎಂದಳು. ಆ 'ಪಾಪ'ವೇ ತಕ್ಕಡಿಯ ಮುಳ್ಳನ್ನು ಅಲುಗಿಸಿತೋ ಏನೋ, ಕಿಡಿ ಬೀಸಣಿಗೆ ಕೆಳಗಿಟ್ಟು ಎದ್ದಳು. ಗಂಡನಿಗೆ ಫೋನು ಮಾಡಿ, "ತಗೊಳ್ತೀನಿ. ನಿಮ್ಮನ್ನ ಕೇಳ್ತಿಲ್ಲ, ಹೇಳ್ತಿದೀನಿ" ಎಂದಳು. ಅವನು ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿದ್ದ. "ಚಿತ್ರ ತೆಗೆಸೋ ದಿನ ನಾನೂ ಬರ್ತೀನಿ. ಪ್ರತಿ ವರ್ಷ" ಎಂದ. ಅಂತೂ ಆ ಲಿಫ್ಟು ಒಂದು ಮಹಡಿ ಮೇಲೇರಿತು ಎಂದುಕೊಂಡಳು ಕಿಡಿ.

ಎರಡನೇ ಹಾರ್ಮೋನಿನ ಗುಳಿಗೆ ನುಂಗಿ, ಪಟ್ಟಿಯನ್ನು ಸೊಂಟದ ಕೆಳಗೆ ತಾನೇ ಅಂಟಿಸಿಕೊಂಡಳು. ಅಂಗೈಯಗಲವೂ ಇಲ್ಲದ ಪಾರದರ್ಶಕ ಚೂರು. ಇಷ್ಟೆಲ್ಲ ಜಗಳ ಇಷ್ಟಕ್ಕೇ ಎಂದು ನಗು ಬಂತು.

ಕಾವು ಒಂದೇ ದಿನಕ್ಕೆ ಆರಲಿಲ್ಲ. ಮೊದಮೊದಲು ಎದೆ ನೋಯಿತು, ಹೊಟ್ಟೆ ಉಬ್ಬರಿಸಿತು, ಇದು ಬೇಕಿತ್ತೇ ಎಂದು ತನಗೇ ಬೈದುಕೊಂಡಳು. ನಿಧಾನವಾಗಿ ನಿದ್ದೆ ಮರಳಿತು. ಒಂದು ಬೆಳಿಗ್ಗೆ ಬಟ್ಟೆ ಎಣಿಸುವಾಗ ಬೆರಳಿಗೆ ಏನೋ ಹೊಸತು ಅನ್ನಿಸಿತು. ಹತ್ತಿ ಹತ್ತಿಯ ಹಾಗೆ, ಉಣ್ಣೆ ಉಣ್ಣೆಯ ಹಾಗೆ ತಾಗುತ್ತಿತ್ತು. ಹೆಬ್ಬೆರಳು ಒಣಗಿತ್ತು.

ಅಂದೇ ಡ್ಯಾನ್ಸ್ ಟೀಚರು ಹೊಸ ಲಂಗ ತಂದರು, ಮತ್ತೆ ಬೂದು ಬಣ್ಣದ್ದೇ. ಕಿಡಿ ಅದನ್ನು ತೆಗೆದುಕೊಂಡು ಕುರ್ಚಿಯಿಂದಿಳಿದಳು, ಹಿಂದಿನ ಕೋಣೆಗೆ ಹೋದಳು, ತನ್ನ ಮೇಜಿನ ಪ್ಲಗ್ ಚುಚ್ಚಿದಳು. ಅಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟು ನೋಡಿದಳು.

"ಏನಿದು?"

"ಇಸ್ತ್ರಿ." ಕಿಡಿ ಲಂಗದ ಅಂಚು ಹಿಡಿದು ಕಣ್ಣು ಮುಚ್ಚಿ ಉಜ್ಜಿದಳು. "ನೈಲಾನು. ಒಂದೆಳೆ ರೇಷ್ಮೆಯೂ ಇಲ್ಲ. ಚೀಟೀಲಿ ರೇಷ್ಮೆ ಅಂತ ಬರೆದಿದೆ ನೋಡು, ಮುಖಕ್ಕೆ ಹೊಡೆದ ಹಾಗೆ." ಕಾವನ್ನು ತೀರಾ ಕೆಳಕ್ಕೆ ತಿರುಗಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಪೆಟ್ಟಿಗೆ ಓಡಿಸಿದಳು. ಲಂಗ ನೀರಿನ ಹಾಗೆ ಹರಡಿಕೊಂಡಿತು.

ಅಕ್ಕ ಲಂಗವನ್ನು ನೋಡಲಿಲ್ಲ. ತಂಗಿಯ ಮುಖ ನೋಡಿದಳು. ಕೆನ್ನೆ ಕೆಂಪಾಗಿರಲಿಲ್ಲ, ಹಣೆಯಲ್ಲಿ ಒಂದು ಹನಿ ಇರಲಿಲ್ಲ.

"ತಗೊಂಡಿದೀಯ."

"ಹೂಂ. ಅಂಟಿಸ್ಕೊಂಡು ತಿಂಗಳ ಮೇಲಾಯ್ತು. ಎಲ್ಲ ಕೇಳಿಕೊಂಡು, ಎಲ್ಲ ತೂಗಿ. ಗಂಟು ಬರಬಹುದು ಅಂತ ಗೊತ್ತಿದ್ದೇ ತಗೊಂಡಿದೀನಿ. ಬಂದ್ರೆ ಮಾತ್ರೆ ತಿಂತು ಅನ್ನಲ್ಲ, ನಾನು ಆರಿಸಿಕೊಂಡೆ ಅಂತೀನಿ. ಇನ್ನು ಬೈಯೋದಿದ್ರೆ ಬೈ. ಆದ್ರೆ ಈ ಪ್ಲಗ್ ಇನ್ನೊಂದು ಸಲ ಕಿತ್ರೆ ನಾನು ಎದುರು ಬೀದಿಲೇ ಅಂಗಡಿ ಹಾಕ್ತೀನಿ. ನಿನ್ನ ಗಿರಾಕಿಗಳೆಲ್ಲ ನನ್ನ ಹತ್ರ ಬರ್ತಾರೆ, ನೋಡ್ತಿರು."

ಅಕ್ಕನ ಕೈ ಪ್ಲಗ್ಗಿನ ಕಡೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವಳು ಮೂಲೆಯ ತೊಟ್ಟಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ಸೋಪು ಹಚ್ಚಿ ಮೊಣಕೈವರೆಗೆ ತೊಳೆದಳು. ಒಗೆದು ಮಡಿಸಿಟ್ಟಿದ್ದ ಟವೆಲ್ಲು ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿದಳು. ಹೆಬ್ಬೆರಳನ್ನು ಎರಡು ಸಲ ಒರೆಸಿದಳು.

"ಬಟ್ಟೆ ಬದಲಿಸೋ ಆ ಪರದೆ ಹಿಂದೆ ಬರ್ತೀಯಾ?"

"ಯಾಕೆ?"

"ಡಾಕ್ಟರು ವರ್ಷಕ್ಕೊಂದು ಸಲ ಮಷೀನಲ್ಲಿ ನೋಡ್ಲಿ. ಮಧ್ಯದಲ್ಲಿ ತಿಂಗಳಿಗೊಂದು ಸಲ ನಾನು ನೋಡ್ತೀನಿ. ನನ್ನದು ಸಿಕ್ಕಿದ್ದು ಈ ಬೆರಳಿಗೆ."

"ಬೇಡ ಅಂದ್ರೆ?"

ಹಳೆಯ ಅಕ್ಕನಾಗಿದ್ದರೆ ಕಿವಿ ಹಿಂಡಿ ಎಳೆದುಕೊಂಡು ಹೋಗುತ್ತಿದ್ದಳು. ಈ ಅಕ್ಕ ಒಣಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತಿದ್ದಳು.

"ಬೇಡ ಅಂದ್ರೆ ಬೇಡ. ನಿನ್ನ ಮೈ" ಎಂದಳು. "ಕೇಳ್ತಿದೀನಿ ಕಣೇ."

ಹುಟ್ಟಿದಾಗಿನಿಂದ ಅಕ್ಕ ಅವಳನ್ನು ಏನನ್ನೂ ಕೇಳಿದವಳಲ್ಲ. ಕಿಡಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು, ಅಂಗಿಯ ಮೊದಲ ಗುಂಡಿ ಬಿಚ್ಚಿದಳು, ಹೋಗಿ ತಾನೇ ಪರದೆ ಎಳೆದಳು.